ಗಾಲಿಯ ಮೇಲೊಂದು ಮನೆ, ಸರೋವರದ ದಂಡೆಯಲ್ಲಿ ಮೂರು ರಾತ್ರಿ

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಡೊಂಬಿವಲಿಯ ಕನ್ನಡಿಗರಲ್ಲಿ ಒಂದು ಪ್ರಶ್ನೆ ಸುರುವಾಗುತ್ತದೆ: “ಈ ಸಲ ಹೋಗೂದೈತೇನ್ರಿ?” ಎಲ್ಲಿಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಒಂದೆರಡಲ್ಲ. ಹೋಗಿ ಬಂದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಮೊದಲ ಹದಿನೈದು ದಿನ ಎಲ್ಲವೂ ಚೆಂದ. ಆಮೇಲೆ ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ತಮ್ಮ ತಮ್ಮ ಕ್ಲಾಸಿಗೆ. ದೊಡ್ಡ ಮನೆಯಲ್ಲಿ ನೀವಿಬ್ಬರು, ಮತ್ತು ಗೋಡೆಯ ಗಡಿಯಾರ. ಹೀಗಿರುವಾಗ ಒಂದು ದಿನ ಮಗ ಹೇಳುತ್ತಾನೆ: “ನಾಲ್ಕು ದಿನ ಆರ್.ವಿ. ಬಾಡಿಗಿ ತಗೊಂಡು ಕಾಡಿಗೆ ಹೋಗೂಣು.” ನೀವು ಮುಖ ಮುಖ ನೋಡಿಕೊಳ್ಳುತ್ತೀರಿ. ಈ ವಯಸ್ಸಿನಲ್ಲಿ ಕಾಡು, ಅದರಲ್ಲೂ ಗಾಡಿಯಲ್ಲಿ ಮಲಗುವುದು!

2023ರ ಜುಲೈ ತಿಂಗಳಲ್ಲಿ ನಾವೂ ಹೀಗೇ ಮುಖ ನೋಡಿಕೊಂಡೆವು. ಹೋಗಿಯೂ ಬಂದೆವು. ಇವತ್ತು ನಿಮ್ಮೊಂದಿಗೆ ಅದರ ಮಾತು. ಕೇಳಿ, ನಿಮ್ಮ ಮಗ ಕರೆದಾಗ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ನೀವೇ ತೀರ್ಮಾನಿಸಿ.

ಆರ್.ವಿ. ಎಂದರೆ ರಿಕ್ರಿಯೇಷನಲ್ ವೆಹಿಕಲ್. ಸರಳವಾಗಿ ಹೇಳಬೇಕೆಂದರೆ ಮನೆಯನ್ನೇ ಹೊತ್ತು ನಡೆಯುವ ಗಾಡಿ. ಧಾರವಾಡದ ಕಡೆಯವರಿಗೆ ಇದು ಹೊಸದೇನಲ್ಲ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಕೊಲ್ಲಾರಿ ಬಂಡಿಯನ್ನು ನೆನಪು ಮಾಡಿಕೊಳ್ಳಿ. ಒಳಗೆ ಹಾಸಿಗೆ, ರೊಟ್ಟಿಯ ಗಂಟು, ಹಿಟ್ಟಿನ ಚೀಲ, ಮುದುಕರು, ಮಕ್ಕಳು. ಇಳಿದಲ್ಲಿ ಮೂರು ಕಲ್ಲು ಹೂಡಿ ಒಲೆ. ಅಮೆರಿಕದವರು ಅದಕ್ಕೆ ಎಂಜಿನ್ ಜೋಡಿಸಿ, ಫ್ರಿಜ್ ಇಟ್ಟು, ಸಂಡಾಸವನ್ನೂ ಒಳಗೆ ಕೂರಿಸಿದ್ದಾರೆ, ಅಷ್ಟೇ.

ಇವುಗಳಲ್ಲಿ ಹಲವು ಬಗೆ. ಬಸ್ಸಿನಷ್ಟು ದೊಡ್ಡವು ‘ಎ’ ವರ್ಗ, ವ್ಯಾನಿನಷ್ಟು ಚಿಕ್ಕವು ‘ಬಿ’ ವರ್ಗ. ಮುಂದೆ ವ್ಯಾನಿನ ಮುಖ, ಹಿಂದೆ ಪೆಟ್ಟಿಗೆಯಂಥ ಮನೆ, ಚಾಲಕನ ತಲೆಯ ಮೇಲೆ ಅಟ್ಟದಂಥ ಹಾಸಿಗೆ ಇದ್ದರೆ ‘ಸಿ’ ವರ್ಗ. ಇವಲ್ಲದೆ ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್‌ಗಳೂ ಇವೆ. ಕುಟುಂಬಗಳು ಬಾಡಿಗೆಗೆ ಹೆಚ್ಚಾಗಿ ತೆಗೆದುಕೊಳ್ಳುವುದು ‘ಸಿ’ ವರ್ಗವನ್ನು. ಇಂಥದಕ್ಕೆ ಸಾಮಾನ್ಯವಾಗಿ ಕಾರಿನ ಲೈಸೆನ್ಸೇ ಸಾಕು. ನಮ್ಮದು 25 ಅಡಿ ಉದ್ದ. ಪೆಟ್ರೋಲು ಮಾತ್ರ ಕೇಳಬೇಡಿ, ಲೀಟರಿಗೆ ನಾಲ್ಕು ಕಿಲೋಮೀಟರ್ ಆಸುಪಾಸು! ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಓಡುವಾಗ ಅದು ಮನೆಯಲ್ಲ, ಬರೀ ಗಾಡಿ. ಎದ್ದು ಚಹಾ ಮಾಡುವುದಾಗಲಿ, ಹಾಸಿಗೆಯಲ್ಲಿ ಅಡ್ಡಾಗುವುದಾಗಲಿ ಕೂಡದು. ಎಲ್ಲರಿಗೂ ಬೆಲ್ಟು, ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಆಸನ.

ನಾವು ಹೋದದ್ದು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ. 1872ರಲ್ಲಿ ಸ್ಥಾಪನೆಯಾದ ಇದು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾಗಿದೆ. ಬಹುಪಾಲು ವಯೋಮಿಂಗ್ ರಾಜ್ಯದಲ್ಲಿದೆ. ಮಗ ಇರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ಉದ್ಯಾನದ ಪಶ್ಚಿಮ ಬಾಗಿಲಿಗೆ ಸುಮಾರು ಐನೂರು ಕಿಲೋಮೀಟರ್. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಈ ಉದ್ಯಾನದ ನಡುವೆ ಒಂದು ದೊಡ್ಡ ಸರೋವರವಿದೆ. ವಿಸ್ತಾರ ಸುಮಾರು 350 ಚದರ ಕಿಲೋಮೀಟರ್. ಸಮುದ್ರಮಟ್ಟದಿಂದ 2,357 ಮೀಟರ್ ಎತ್ತರ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ನಾನೂರು ಮೀಟರ್ ಮೇಲೆ ಒಂದು ಸಮುದ್ರದಂಥ ನೀರು ನಿಂತಿದೆ ಎಂದು ಕಲ್ಪಿಸಿಕೊಳ್ಳಿ. ಚಳಿಗಾಲದಲ್ಲಿ ಇಡೀ ಸರೋವರ ಹೆಪ್ಪುಗಟ್ಟುತ್ತದೆ. ಆ ಹಿಮ ಒಡೆಯುವುದು ಮೇ ಕೊನೆಗೆ, ಇಲ್ಲವೆ ಜೂನ್ ಮೊದಲಿಗೆ.

ಸರೋವರದ ನೈಋತ್ಯ ದಂಡೆಯ ಮೇಲೆ ಪೈನ್ ಮರಗಳ ನಡುವೆ ಗ್ರಾಂಟ್ ವಿಲೇಜ್ ಎಂಬ ಶಿಬಿರದಾಣವಿದೆ. ಅಲ್ಲಿ ನಾನೂರಕ್ಕೂ ಹೆಚ್ಚು ಜಾಗಗಳು. ಒಂದೊಂದು ಜಾಗವೆಂದರೆ ಗಾಡಿ ನಿಲ್ಲಿಸಲು ಒಂದು ತುಂಡು ನೆಲ, ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಅಷ್ಟೇ ಅದರ ವೈಭವ. ಬೇಸಗೆಯ ಜಾಗಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ನಮ್ಮ ಮಗ ಹಿಂದಿನ ದೀಪಾವಳಿಯ ಹೊತ್ತಿಗೇ ಕಾದಿರಿಸಿದ್ದನಂತೆ. ನಾವು ಬರುವುದು ಇನ್ನೂ ಗಟ್ಟಿಯಾಗಿರಲಿಲ್ಲ!

ಇಂಥ ಕಡೆ ಗಾಡಿಗೆ ಮೂರು ಸೌಕರ್ಯ ಸಿಗಬಹುದು: ಕರೆಂಟು, ನೀರು, ಹೊಲಸು ಹೋಗುವ ಕೊಳವೆ. ಮೂರೂ ಇದ್ದರೆ ‘ಫುಲ್ ಹುಕ್‌ಅಪ್’. ಯೆಲ್ಲೊಸ್ಟೋನ್‌ನಲ್ಲಿ ಮೂರೂ ಇರುವುದು ಇದೇ ಸರೋವರದ ಉತ್ತರಕ್ಕಿರುವ ಫಿಶಿಂಗ್ ಬ್ರಿಜ್ ಎಂಬಲ್ಲಿ ಮಾತ್ರ. ಗ್ರಾಂಟ್‌ನಲ್ಲಿ ಗಾಡಿಗೆ ಒಂದೂ ಇಲ್ಲ. ನಿಮ್ಮ ಟಾಕಿಯಲ್ಲಿ ಎಷ್ಟು ನೀರಿದೆಯೋ ಅಷ್ಟೇ ನಿಮ್ಮ ನೀರು, ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ ನಿಮ್ಮ ಬೆಳಕು.

ನಮ್ಮ ಗಾಡಿಯ ಟಾಕಿಯಲ್ಲಿ ಸುಮಾರು ನೂರೈವತ್ತು ಲೀಟರ್. ಆರು ಜನ. ಮೊದಲ ಸಂಜೆ ಸೊಸೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯಲು ನಿಂತಳು. ನನಗೆ ಸುಮ್ಮನಿರಲಾಗಲಿಲ್ಲ. ಬೆಳಿಗ್ಗೆ ಒಂದು ತಾಸು ನಳ ಬಂದರೆ ಅದರಲ್ಲೇ ಇಡೀ ದಿನ ಕಳೆದ ಮುಂಬಯಿ ಹೆಂಗಸರು ನಾವು. ನೀರಿನ ಲೆಕ್ಕ ನಮಗೆ ಯಾರು ಕಲಿಸಬೇಕು? ತಾಟುಗಳನ್ನು ಮೊದಲು ಕಾಗದದಿಂದ ಒರೆಸುವುದು, ಒಂದು ಬೋಗುಣಿಯಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ತೊಳೆಯುವ ನೀರು, ಕೈ ತೊಳೆಯಲು ತಂಬಿಗೆ. ಎರಡು ದಿನದ ಮೇಲೆ ಮಗ ಟಾಕಿಯ ಮಟ್ಟ ನೋಡಿ, “ಅವ್ವಾ, ಇನ್ನೂ ಅರ್ಧ ಐತಿ!” ಅಂದ. ಅಮೆರಿಕಕ್ಕೆ ಹೋದಾಗಿನಿಂದ ಅಲ್ಲಿಯವರಿಗೆ ನಾನು ಕಲಿಸಿದ ಮೊದಲ ವಿದ್ಯೆ ಅದು. ನೆಲಕ್ಕೆ ಎಂಜಲು ನೀರು ಚೆಲ್ಲುವ ಹಾಗಿಲ್ಲ, ತಿಳಿದಿರಲಿ. ಅದಕ್ಕೆ ಗಾಡಿಯಲ್ಲೇ ಬೇರೆ ಟಾಕಿ ಇದೆ. ಸಂಡಾಸಿನದಕ್ಕೆ ಇನ್ನೊಂದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಲಿಸಿದ ಹೆಮ್ಮೆ ಒಂದು ದಿನವೂ ಉಳಿಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಹೊರಗಿನ ಮೇಜಿನ ಮೇಲೆ ಊಟ. ಚಪಾತಿ, ಬದನೆಕಾಯಿ ಪಲ್ಯ, ಮೊಸರು, ನಾನು ಊರಿನಿಂದ ಒಯ್ದ ಶೇಂಗಾ ಚಟ್ನಿಪುಡಿ. ಊಟ ಮುಗಿಸಿ ಎಲ್ಲರೂ ನೀರಿನ ದಂಡೆಗೆ ಹೋದೆವು. ಮರಳಿ ಬರುವಾಗ ನಮ್ಮ ಮೇಜಿನ ಹತ್ತಿರ ಉದ್ಯಾನದ ಸಮವಸ್ತ್ರದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಕೈಯಲ್ಲಿ ನನ್ನ ಚಟ್ನಿಪುಡಿ ಡಬ್ಬಿ. “ಅವ್ವಾ, ಡಬ್ಬಿ ಹೊರಗ ಬಿಟ್ಟಿದ್ದೇನು?” ಅಂದ ಮಗ. ಅವನ ಮುಖ ಬಿಳಿಚಿತ್ತು.

ಆಕೆ ಗದರಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದಳು. ಅಲ್ಲಿ ಎರಡು ಜಾತಿಯ ಕರಡಿಗಳಿವೆ, ಕಪ್ಪು ಕರಡಿ ಮತ್ತು ಗ್ರಿಜ್ಲಿ. ಕರಡಿಯ ಮೂಗು ಬಹಳ ಚುರುಕು. ಆಹಾರವಷ್ಟೇ ಅಲ್ಲ, ಖಾಲಿ ಪಾತ್ರೆ, ಎಣ್ಣೆ, ಟೂತ್‌ಪೇಸ್ಟ್, ಸೋಪು, ಕಸ, ವಾಸನೆ ಇರುವ ಯಾವುದೂ ಹೊರಗೆ ಇರಬಾರದು. ಗಾಡಿಯ ಒಳಗೆ ಬಾಗಿಲು ಕಿಟಕಿ ಮುಚ್ಚಿ ಇಡಬೇಕು, ಇಲ್ಲವೆ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ. ಫಿಶಿಂಗ್ ಬ್ರಿಜ್ ಬಳಿ ಗ್ರಿಜ್ಲಿಗಳ ಓಡಾಟ ಹೆಚ್ಚು. ಆದ್ದರಿಂದ ಅಲ್ಲಿ ಡೇರೆ, ಬಟ್ಟೆಗೋಡೆಯ ಟ್ರೇಲರ್ ಯಾವುದನ್ನೂ ಬಿಡುವುದಿಲ್ಲ. ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಪ್ರವೇಶ.

ನಾನು ತಪ್ಪಾಯಿತೆಂದು ಕೈ ಮುಗಿದೆ. ಆಕೆ ಹೋದ ಮೇಲೆ ಒಂಬತ್ತು ವರ್ಷದ ಮೊಮ್ಮಗ ಹೇಳಿದ ಮಾತು ಮಾತ್ರ ಮನಸ್ಸಿನಿಂದ ಹೋಗಿಲ್ಲ. “ಅಜ್ಜಿ, ಕರಡಿಗೆ ನಿನ್ನ ಚಟ್ನಿ ರುಚಿ ಹತ್ತಿದ್ರ ಅದು ಮತ್ತ ಬರ್ತದ. ಮತ್ತ ಮತ್ತ ಬಂದ್ರ ಅದನ್ನ ಕೊಲ್ತಾರ.” ನಾನು ಇಷ್ಟು ಹೊತ್ತು ನಮ್ಮ ಜೀವದ ಭಯದಲ್ಲಿದ್ದೆ. ಆ ಹುಡುಗ ಕರಡಿಯ ಜೀವದ ಭಯದಲ್ಲಿದ್ದ. ಅವನ ಮಾತು ನಿಜ. ಒಂದು ಕಾಲಕ್ಕೆ ಇದೇ ಉದ್ಯಾನದಲ್ಲಿ ಹೋಟೆಲುಗಳ ಕಸದ ಗುಂಡಿಗೆ ಕರಡಿಗಳು ಬರುವುದನ್ನು ಜನ ಕುಳಿತು ನೋಡುತ್ತಿದ್ದರು, ಕಾರಿನ ಕಿಟಕಿಯಿಂದ ತಿನಿಸು ಕೊಡುತ್ತಿದ್ದರು. 1970ರ ಸುಮಾರಿಗೆ ಆ ಗುಂಡಿಗಳನ್ನು ಮುಚ್ಚಿದರು. ಮನುಷ್ಯರ ಅನ್ನಕ್ಕೆ ಒಗ್ಗಿದ್ದ ಕರಡಿಗಳು ಶಿಬಿರಗಳಿಗೆ ನುಗ್ಗಿದವು, ಅನೇಕವನ್ನು ಕೊಲ್ಲಬೇಕಾಯಿತು. 1975ರಲ್ಲಿ ಗ್ರಿಜ್ಲಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಕರಡಿ, ತೋಳಗಳಿಂದ 100 ಗಜ, ಕಾಡೆಮ್ಮೆಯಂಥ ಬೈಸನ್‌ನಿಂದ 25 ಗಜ ದೂರ ಇರಬೇಕೆಂಬುದು ಈಗಿನ ನಿಯಮ. ಅಲ್ಲಿ ಜನರಿಗೆ ಹೆಚ್ಚು ಗಾಯ ಮಾಡಿದ್ದು ಕರಡಿಯಲ್ಲ, ಸಾಧುವಾಗಿ ಕಾಣುವ ಈ ಬೈಸನ್. ಫೋಟೋ ಆಸೆಗೆ ಹತ್ತಿರ ಹೋಗಬೇಡಿ.

ಅದೇ ರಾತ್ರಿ ಇನ್ನೊಂದು ಪಾಠ. ಜುಲೈ ತಿಂಗಳಾದರೂ ಅಲ್ಲಿ ರಾತ್ರಿ ಹಲ್ಲು ಕಡಿಯುವ ಚಳಿ. ಗಾಡಿಯ ಹೀಟರು ನಡೆಯುವುದು ಪ್ರೊಪೇನ್ ಗ್ಯಾಸಿನಿಂದ, ಆದರೆ ಬಿಸಿಗಾಳಿ ಊದುವ ಫ್ಯಾನಿಗೆ ಬ್ಯಾಟರಿಯೇ ಬೇಕು. ನಾವು ರಾತ್ರಿ ಬಹಳ ಹೊತ್ತು ದೀಪ ಹಾಕಿಕೊಂಡು ಇಸ್ಪೀಟು ಆಡಿದೆವು. ನಸುಕಿನ ನಾಲ್ಕಕ್ಕೆ ಬ್ಯಾಟರಿ ಸೋತು ಹೀಟರು ನಿಂತಿತು. ಜನರೇಟರ್ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ಅದಕ್ಕೆ ಅನುಮತಿ. ಅನುಮತಿ ಇದ್ದರೂ ಮಲಗಿದಾಗ ಜನರೇಟರ್ ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಒಯ್ಯುತ್ತದೆ. ಚಳಿಯೆಂದು ಗ್ಯಾಸಿನ ಒಲೆ ಹಚ್ಚಿಟ್ಟು ಮಲಗುವುದೂ ಅಷ್ಟೇ ಅಪಾಯ. ಗಾಡಿ ಪಡೆಯುವಾಗಲೇ ಈ ಅನಿಲ ಪತ್ತೆ ಮಾಡುವ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ನೋಡಲು ಮಗನಿಗೆ ಹೇಳಿ. ಅವನು ನಕ್ಕರೂ ಹೇಳಿ. ಆ ರಾತ್ರಿ ಅಟ್ಟದ ಮೇಲಿದ್ದ ಮೊಮ್ಮಕ್ಕಳಿಬ್ಬರೂ ಇಳಿದು ಬಂದು ನನ್ನ ಕೌದಿಯೊಳಗೆ ಸೇರಿಕೊಂಡರು. ಬೆಳಗಿನವರೆಗೆ ನನಗೆ ಹೊರಳಲು ಜಾಗವಿರಲಿಲ್ಲ. ಹೀಟರು ಕೆಟ್ಟದ್ದಕ್ಕೆ ನಾನಂತೂ ಬೇಸರ ಮಾಡಿಕೊಳ್ಳಲಿಲ್ಲ.

ಇನ್ನು ಸಂಡಾಸಿನ ಟಾಕಿಯ ಮಾತು. ಊಟದ ಹೊತ್ತಿನಲ್ಲಿ ರೇಡಿಯೋ ಕೇಳುವವರು ಕ್ಷಮಿಸಬೇಕು. ಆದರೆ ಇಡೀ ಪ್ರವಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅದೇ.

ಮೂರನೆಯ ದಿನ ಟಾಕಿಗಳು ತುಂಬಿದವು. ಶಿಬಿರದಾಣದಲ್ಲಿ ‘ಡಂಪ್ ಸ್ಟೇಷನ್’ ಎಂಬ ಜಾಗವಿದೆ. ಸಿಮೆಂಟಿನ ನೆಲ, ನಡುವೆ ಮುಚ್ಚಳವಿರುವ ತೂತು. ಗಾಡಿಯನ್ನು ಅದರ ಪಕ್ಕ ನಿಲ್ಲಿಸಿ, ದಪ್ಪ ಕೊಳವೆ ಜೋಡಿಸಿ, ಮೊದಲು ಸಂಡಾಸಿನ ಟಾಕಿಯ ಕೀಲಿ ತೆರೆಯಬೇಕು, ಆಮೇಲೆ ಪಾತ್ರೆ ತೊಳೆದ ನೀರಿನದು. ಆ ನೀರು ಹರಿದಾಗ ಕೊಳವೆಯೂ ತೊಳೆದುಹೋಗುತ್ತದೆ. ಮಗ ಕೈಗವಸು ಹಾಕಿಕೊಂಡು ಬಗ್ಗಿದ. ನಮ್ಮ ಮನೆಯವರು ದೂರ ಹೋಗಿ ನಿಂತಿದ್ದರು. ಮಗನನ್ನು ಎಂಜಿನಿಯರ್ ಮಾಡಲು ಇಪ್ಪತ್ತು ವರ್ಷ ಲೋಕಲ್ ಟ್ರೇನಿನಲ್ಲಿ ನೇತಾಡಿದ ಮನುಷ್ಯ. ಅವರಿಗೆ ನೋಡಲಾಗಲಿಲ್ಲ. “ಇದಕ್ಕ ಯಾರರ ಮಂದಿ ಇರೂದಿಲ್ಲೇನು?” ಎಂದು ಕೇಳಿದರು.

ಮಗ ಬಗ್ಗಿದಲ್ಲಿಂದಲೇ ಹೇಳಿದ: “ಮಂದಿ ಅಂದ್ರ ಯಾರಪ್ಪಾ? ನಮ್ಮದು ನಾವ ತೆಗೀಬೇಕು.”

ನಮ್ಮ ಹಿಂದೆ ನಾಲ್ಕು ಗಾಡಿ ಸಾಲಿನಲ್ಲಿ ನಿಂತಿದ್ದವು. ಒಂದರಲ್ಲಿ ಎಪ್ಪತ್ತು ದಾಟಿದ ಅಜ್ಜ, ಇನ್ನೊಂದರಲ್ಲಿ ಹೆಣ್ಣುಮಗಳು, ಎಲ್ಲರೂ ಕೈಗವಸು ಹಾಕಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಯಾರ ಮುಖದಲ್ಲೂ ನಾಚಿಕೆ ಇರಲಿಲ್ಲ.

ನಾನು ಮುಂಬಯಿಯನ್ನು ನೆನೆದೆ. ಮಲ ಹೊರಿಸುವುದನ್ನು, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನು ನಿಷೇಧಿಸಿ 2013ರಲ್ಲಿ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ಆದರೂ ಗುಂಡಿಗಿಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇರುತ್ತದೆ. ನಮ್ಮ ಸೊಸಾಯಿಟಿಯ ಗಟಾರ ಕಟ್ಟಿದಾಗ ನಾವು ಮಾಡುವುದಿಷ್ಟೇ. ವಾಚ್‌ಮನ್‌ಗೆ ಹೇಳುತ್ತೇವೆ, ಅವನು “ಮಂದಿ”ಯನ್ನು ಕರೆತರುತ್ತಾನೆ, ನಾವು ಕಿಟಕಿ ಮುಚ್ಚುತ್ತೇವೆ. ಬಂದವನ ಹೆಸರನ್ನು ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅಮೆರಿಕದಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುವವಳಲ್ಲ ನಾನು. ಆದರೆ ಆ ಸಿಮೆಂಟಿನ ನೆಲದ ಮೇಲೆ ನಿಂತಾಗ ನನಗೆ ನಾಚಿಕೆಯಾದದ್ದು ಮಗ ಮಾಡುತ್ತಿದ್ದ ಕೆಲಸದಿಂದಲ್ಲ.

ಮರುದಿನ ಗಾಡಿ ಒಪ್ಪಿಸುವ ಮೊದಲು ಮತ್ತೊಮ್ಮೆ ಟಾಕಿ ಖಾಲಿ ಮಾಡಬೇಕಿತ್ತು. ನಮ್ಮ ಮನೆಯವರು ಏನೂ ಮಾತಾಡದೆ ಇನ್ನೊಂದು ಜೊತೆ ಕೈಗವಸು ತೆಗೆದುಕೊಂಡು ಕೊಳವೆಯ ತುದಿ ಹಿಡಿದು ಕುಳಿತರು. ಅಪ್ಪ ಮಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಾನು ನೋಡಿದೆ.

ಸರೋವರದ ಬಗ್ಗೆ ಹೇಳದಿದ್ದರೆ ನನ್ನ ಮಾತು ಅಪೂರ್ಣ. ಗ್ರಾಂಟ್‌ನಿಂದ ಸ್ವಲ್ಪ ದೂರದಲ್ಲೇ ವೆಸ್ಟ್ ಥಂಬ್ ಎಂಬಲ್ಲಿ ಕುದಿಯುವ ಬುಗ್ಗೆಗಳು ಸರೋವರದ ಅಂಚಿನಲ್ಲೇ ಹೊಗೆಯಾಡುತ್ತವೆ. ಒಂದು ಕೈಯಳತೆಯಲ್ಲಿ ಕುದಿನೀರು, ಪಕ್ಕದಲ್ಲಿ ಹಿಮದಂಥ ನೀರು. ಬೇಸಗೆಯಲ್ಲೂ ಆ ಸರೋವರ ಎಷ್ಟು ತಣ್ಣಗಿರುತ್ತದೆಂದರೆ ಬಿದ್ದವರು ಬದುಕುವುದು ಇಪ್ಪತ್ತು, ಮೂವತ್ತು ನಿಮಿಷವಷ್ಟೇ ಎಂದು ಉದ್ಯಾನದವರು ಎಚ್ಚರಿಸುತ್ತಾರೆ. ಈಜು ಬಲ್ಲವನೆಂಬ ಧೈರ್ಯ ಅಲ್ಲಿ ಬೇಡ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಮೈಮೇಲಿರಲಿ. ದಂಡೆಯಲ್ಲಿ ಕುಳಿತು ನೋಡಲು ಯಾರ ಅಡ್ಡಿಯೂ ಇಲ್ಲ.

ಸುತ್ತಲಿನದು ಲಾಡ್ಜ್‌ಪೋಲ್ ಪೈನ್ ಕಾಡು. 1988ರಲ್ಲಿ ಈ ಉದ್ಯಾನದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಪ್ರದೇಶಕ್ಕೆ ಬೆಂಕಿ ತಗಲಿತ್ತು. ಈ ಪೈನ್ ಮರದ ಕೆಲವು ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿರುತ್ತವೆ, ಬೆಂಕಿಯ ಶಾಖಕ್ಕೇ ಬಿಚ್ಚಿ ಬೀಜ ಉದುರಿಸುತ್ತವೆ. ಸುಟ್ಟ ನೆಲದಲ್ಲಿ ಎದ್ದ ಮರಗಳು ಈಗ ನಮ್ಮ ಮಗನ ವಯಸ್ಸಿನವು. ಕೊನೆಯ ಸಂಜೆ ಕಬ್ಬಿಣದ ಬಳೆಯೊಳಗೆ ಬೆಂಕಿ ಹಾಕಿ ಆರೂ ಜನ ಸುತ್ತ ಕುಳಿತೆವು. ಕಟ್ಟಿಗೆ ಅಲ್ಲಿಯದೇ, ಕೊಂಡದ್ದು. ದೂರದ ಊರಿನ ಕಟ್ಟಿಗೆಯಲ್ಲಿ ಮರ ಕೊಲ್ಲುವ ಹುಳುಗಳೂ ಪ್ರಯಾಣ ಮಾಡುತ್ತವೆ, ಆದ್ದರಿಂದ ಒಯ್ಯಬಾರದು. ಮಗ ನಾಲ್ಕು ದಿನ ಫೋನ್ ಮುಟ್ಟಿರಲಿಲ್ಲ, ಅಲ್ಲಿ ಅದು ಸರಿಯಾಗಿ ಹಿಡಿಯುತ್ತಲೂ ಇರಲಿಲ್ಲ. ಅವನು ಮೊಮ್ಮಕ್ಕಳಿಗೆ ತಾನು ಚಿಕ್ಕವನಿದ್ದಾಗ ಗುಡ್ಡದ ಜಾತ್ರೆಯಲ್ಲಿ ಕಳೆದುಹೋದ ಕತೆ ಹೇಳಿದ. ನನಗೇ ಗೊತ್ತಿಲ್ಲದ ಸಂಗತಿಗಳು ಅದರಲ್ಲಿದ್ದವು. ಎಳನೀರು ಅಂಗಡಿಯವಳ ಪಕ್ಕ ಕುಳಿತು ಎರಡು ತಾಸು ಅತ್ತಿದ್ದನಂತೆ. ನಾವು ಸಿಕ್ಕಾಗ ಅತ್ತಿಲ್ಲವೆಂದು ಸುಳ್ಳು ಹೇಳಿದ್ದನಂತೆ. ಮೂವತ್ತೈದು ವರ್ಷದ ಮೇಲೆ ಒಪ್ಪಿಕೊಂಡ. ಮಲಗುವ ಮುನ್ನ ಬೆಂಕಿಗೆ ನೀರು ಹಾಕಿ, ಕೆದಕಿ, ಬೂದಿ ಪೂರ್ತಿ ತಣ್ಣಗಾದದ್ದನ್ನು ಮುಟ್ಟಿ ನೋಡಿಯೇ ಒಳಗೆ ಹೋದೆವು.

ಹೋಗುವವರಿಗೆ ನಾಲ್ಕು ಮಾತು. ಅಟ್ಟದ ಹಾಸಿಗೆ ಮಕ್ಕಳಿಗೆ ಬಿಡಿ, ಮೊಣಕಾಲು ನೋವಿದ್ದವರಿಗೆ ಆ ಏಣಿ ಬೇಡ. ಬಿ.ಪಿ., ಎದೆ, ಉಸಿರಾಟದ ತೊಂದರೆ ಇದ್ದವರು ಎತ್ತರದ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿಯೇ ಹೊರಡಿ, ಮಾತ್ರೆಗಳು ಕೈಗೆ ಸಿಗುವಲ್ಲಿರಲಿ, ವಿಮೆ ಇಲ್ಲದೆ ಹೋಗಲೇಬೇಡಿ. ಬೇಸಗೆಯಾದರೂ ಸ್ವೆಟರು, ಮಂಕಿಕ್ಯಾಪು ಒಯ್ಯಿರಿ. ಖರ್ಚಿನ ಲೆಕ್ಕವನ್ನೂ ಹಾಕಿ. 2026ರ ಜನವರಿಯಿಂದ ಯೆಲ್ಲೊಸ್ಟೋನ್ ಸೇರಿ ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ ದೊಡ್ಡವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ನಿವಾಸಿಗಳಲ್ಲದವರ ವಾರ್ಷಿಕ ಪಾಸಿಗೆ 250 ಡಾಲರ್. ಇಬ್ಬರು ಹೋಗುವುದಾದರೆ ಯಾವುದು ಅನುಕೂಲವೆಂದು ಮೊದಲೇ ನೋಡಿಕೊಳ್ಳಿ.

ಇಷ್ಟೆಲ್ಲ ಕೇಳಿ, ಮನೆಯಲ್ಲೇ ಆರಾಮಾಗಿರಬಹುದಲ್ಲ ಎಂದು ನಿಮಗೆ ಅನಿಸಬಹುದು. ಆರಾಮು ಬೇಕಾದವರು ಹೋಗಬೇಡಿ. ಮಗ ಬೇಕಾದವರು ಹೋಗಿ. ನಾವು ಮರಳಿ ಬಂದ ಮೇಲೆ ಸೊಸಾಯಿಟಿಯ ಗಟಾರ ಮತ್ತೊಮ್ಮೆ ಕಟ್ಟಿತು. ನಮ್ಮ ಮನೆಯವರು ಸೆಕ್ರೆಟರಿಯ ಹತ್ತಿರ ಹೋಗಿ, ಮನುಷ್ಯರನ್ನು ಇಳಿಸಬಾರದು, ಯಂತ್ರದ ಗಾಡಿಯನ್ನೇ ಕರೆಸಬೇಕೆಂದು ಹಟ ಹಿಡಿದರು. ಖರ್ಚು ಹೆಚ್ಚೆಂದು ಸಭೆಯಲ್ಲಿ ಗದ್ದಲವಾಯಿತು. ಗಾಡಿ ಬಂತು. ಅದರ ಜೊತೆ ಬಂದ ಹುಡುಗನಿಗೆ ನಾನು ಚಹಾ ಕೊಟ್ಟೆ. ಹೆಸರು ಕೇಳಿದೆ.